ಹಗ್ಗದ ಉದ್ದ

ಕಳೆದ ಸಂಕ್ರಾಂತಿಗೆ ಅಕ್ಕನ ಊರಿಗೆ ಹೋಗಿದ್ದೆ. ತುಮಕೂರು ಸೀಮೆಯ ಸಣ್ಣ ಹಳ್ಳಿ; ಒಂದಿಷ್ಟು ತೆಂಗು, ಒಂದಿಷ್ಟು ರಾಗಿ, ಮನೆಯ ಹಿಂದೆ ಕೊಟ್ಟಿಗೆ. ನಾನು ಹುಡುಗನಾಗಿದ್ದಾಗ ಆ ಕೊಟ್ಟಿಗೆಯಲ್ಲಿ ಮಣ್ಣಿನ ನೆಲವಿತ್ತು, ನಾಲ್ಕಾರು ನಾಟಿ ಹಸುಗಳಿದ್ದವು. ಬೆಳಗಾದರೆ ಅವು ಊರ ದನಗಳ ಜೊತೆ ಗೋಮಾಳಕ್ಕೆ ಹೋಗಿ, ಸಂಜೆ ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಈಗ ಅಲ್ಲಿ ಸಿಮೆಂಟಿನ ನೆಲ, ತಗಡಿನ ಸೂರು, ಮೂರು ಸೀಮೆಹಸು. ಅವುಗಳಲ್ಲಿ ಹಿರಿಯದು ಗೌರಿ.

ಹಬ್ಬದ ದಿನ ಅಕ್ಕ ಗೌರಿಯ ಮೈ ತೊಳೆದು, ಅರಿಸಿನ ಕುಂಕುಮವಿಟ್ಟು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದಳು. ಕೊಂಬಿಗೆ ಬಣ್ಣ ಬಳಿಯುವ ಸಂಭ್ರಮ ಮಾತ್ರ ಇರಲಿಲ್ಲ. ಕರುವಾಗಿದ್ದಾಗಲೇ ಕೊಂಬನ್ನು ಸುಟ್ಟಿದ್ದರು. ಸಂಜೆ ಊರಲ್ಲಿ ಕಿಚ್ಚು ಹಾಯಿಸಿದಾಗಲೂ ಗೌರಿ ಹೊರಗೆ ಬರಲಿಲ್ಲ. ಅಷ್ಟು ಬೆಲೆಯ ಹಸು ಕಾಲು ಜಾರಿ ಬಿದ್ದರೆ ಗತಿಯೇನು ಎಂಬ ಭಯ. ಪೂಜೆಯಾದ ಮೇಲೆ ಅಕ್ಕನ ಮಗ ಅದನ್ನು ಮತ್ತೆ ಗೊಂತಿಗೆ ಕಟ್ಟಿದ. ಗೊಂತಿನಿಂದ ಕೊರಳಿಗೆ ಎರಡೂವರೆ ಅಡಿ ಹಗ್ಗ. ಹಸು ನಿಲ್ಲಬಹುದು, ಮಲಗಬಹುದು, ಹಿಂತಿರುಗಿ ನೋಡುವಂತಿಲ್ಲ.

“ಇದು ಹೊರಗೆ ಹೋಗುವುದು ಯಾವಾಗಪ್ಪಾ?” ಎಂದು ಕೇಳಿದೆ.

ಅವನು ಸ್ವಲ್ಪ ಯೋಚಿಸಿ, “ಇಂಜೆಕ್ಷನ್ ಕೊಡೋಕೆ ಡಾಕ್ಟರು ಬಂದಾಗ ಅಂಗಳಕ್ಕೆ ಬಿಡ್ತೀವಿ ಮಾವ” ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ, ಅಷ್ಟೆ.

ಒಳಗಿನಿಂದ ಅಕ್ಕ ಕೂಗಿದಳು: “ಹಬ್ಬದ ದಿನ ಹಗ್ಗ ಅಳೆಯೋಕೆ ಬಂದ್ಯೇನೋ ಮೇಷ್ಟ್ರೇ? ಕಾಫಿ ಆರ್ತಾ ಇದೆ, ಬಾ.”

ಹೋಗಿ ಕುಡಿದೆ. ಗೌರಿಯ ಹಾಲಿನ ಕಾಫಿ. ಚೆನ್ನಾಗಿತ್ತು. ಆದರೆ ಆ ಎರಡೂವರೆ ಅಡಿ ಹಗ್ಗ ಅಂದಿನಿಂದ ನನ್ನ ಮನಸ್ಸಿಗೆ ಸುತ್ತಿಕೊಂಡಿದೆ. ಪೂಜಿಸುವ ಪ್ರಾಣಿಗೆ ನಾವು ಎಷ್ಟು ಜಾಗ ಸಲ್ಲಿಸಬೇಕು? ಇದಕ್ಕೆ ಯಾರಾದರೂ ಅಳತೆ ಇಟ್ಟಿದ್ದಾರೆಯೆ?

ಇಟ್ಟಿದ್ದಾರೆ. ೧೯೬೪ರಲ್ಲಿ ಇಂಗ್ಲೆಂಡಿನ ರೂತ್ ಹ್ಯಾರಿಸನ್ ಎಂಬ ಮಹಿಳೆ ‘ಅನಿಮಲ್ ಮಷೀನ್ಸ್’ ಎಂಬ ಪುಸ್ತಕ ಬರೆದರು. ಮಾಂಸಕ್ಕೂ ಮೊಟ್ಟೆಗೂ ಪ್ರಾಣಿಗಳನ್ನು ಯಂತ್ರಗಳಂತೆ ಕೂಡಿಹಾಕಿ ಬೆಳೆಸುವ ಹೊಸ ಕ್ರಮವನ್ನು ಅದು ಬಯಲಿಗೆಳೆಯಿತು. ಹೊರಳಲೂ ಎಡೆಯಿಲ್ಲದ ಪೆಟ್ಟಿಗೆಯಲ್ಲಿ ನಿಲ್ಲಿಸಿದ ಎಳಗರುಗಳ ಪಾಡು ಅದರಲ್ಲಿತ್ತು. ಓದಿದ ಜನ ಕಳವಳಗೊಂಡರು. ಸರ್ಕಾರ ಬ್ರ್ಯಾಂಬೆಲ್ ಎಂಬ ಪ್ರಾಣಿಶಾಸ್ತ್ರಜ್ಞರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ೧೯೬೫ರಲ್ಲಿ ಬಂದ ಅದರ ವರದಿ ಕೇಳಿದ್ದು ಬಹಳ ದೊಡ್ಡದೇನಲ್ಲ. ಸಾಕಿದ ಪ್ರಾಣಿ ಎದ್ದು ನಿಲ್ಲಬೇಕು, ಮಲಗಬೇಕು, ಸುತ್ತ ತಿರುಗಬೇಕು, ತನ್ನ ಮೈಯನ್ನು ತಾನು ನೆಕ್ಕಿ ಶುಚಿ ಮಾಡಿಕೊಳ್ಳಬೇಕು, ಕೈಕಾಲು ಚಾಚಬೇಕು. ಕಷ್ಟವಿಲ್ಲದೆ ಇಷ್ಟನ್ನು ಮಾಡುವಷ್ಟಾದರೂ ಅದಕ್ಕೆ ಎಡೆಯಿರಲಿ. ೧೯೭೯ರಲ್ಲಿ ಸ್ಥಾಪನೆಯಾದ ಅಲ್ಲಿಯ ಪ್ರಾಣಿಕಲ್ಯಾಣ ಮಂಡಲಿ ಇದನ್ನೇ ವಿಸ್ತರಿಸಿ ‘ಐದು ಸ್ವಾತಂತ್ರ್ಯ’ಗಳನ್ನು ರೂಪಿಸಿತು: ಹಸಿವು ನೀರಡಿಕೆಗಳಿಂದ ಬಿಡುಗಡೆ, ಇರುವ ನೆಲೆಯ ಅಹಿತದಿಂದ ಬಿಡುಗಡೆ, ನೋವು ಗಾಯ ರೋಗಗಳಿಂದ ಬಿಡುಗಡೆ, ತನ್ನ ಹುಟ್ಟುಗುಣದಂತೆ ನಡೆದುಕೊಳ್ಳುವ ಅವಕಾಶ, ಭಯ ಸಂಕಟಗಳಿಂದ ಬಿಡುಗಡೆ. ಇಂದು ಲೋಕದಲ್ಲಿ ಸಾಕುಪ್ರಾಣಿಗಳ ಹಿತವನ್ನು ಕುರಿತು ಎಲ್ಲಿ ಚರ್ಚೆಯಾದರೂ ಈ ಐದರ ಮಾತು ಬರುತ್ತದೆ.

ಇದನ್ನು ಓದುತ್ತಿದ್ದಾಗ ಈ ಐದರ ಲೆಕ್ಕವನ್ನು ಹಿಂದೆ ಎಲ್ಲಿಯೋ ಕಂಡಂತೆ ನನಗೆ ಭಾಸವಾಯಿತು. ಹಳಗನ್ನಡ ಪಾಠ ಹೇಳುವವನಿಗೆ ಜೈನಧರ್ಮದ ಪರಿಭಾಷೆಯ ಸಹವಾಸ ತಪ್ಪಿದ್ದಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಮನೆಮಂದಿಯ ನಡುವೆ ಬಾಳುವ ಶ್ರಾವಕನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು, ಎಂದರೆ ವ್ರತ ಕಳಂಕಗೊಳ್ಳುವ ಐದು ಬಗೆಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದ ಹೊರೆ ಹೇರುವುದು, ಅನ್ನನೀರು ತಪ್ಪಿಸುವುದು. ಇಲ್ಲಿ ‘ವಧ’ ಎಂದರೆ ಕೊಲೆಯಲ್ಲ. ಕರ್ನಾಟಕದ ಜೈನಪರಂಪರೆ ತನ್ನವನೆಂದು ಅಭಿಮಾನಪಡುವ ಪೂಜ್ಯಪಾದ ತನ್ನ ವ್ಯಾಖ್ಯಾನದಲ್ಲಿ ಅದನ್ನು ಸ್ಪಷ್ಟ ಮಾಡಿದ್ದಾನೆ: ಕೊಲ್ಲುವುದನ್ನು ಶ್ರಾವಕ ಮೊದಲೇ ಬಿಟ್ಟಿದ್ದಾನೆ, ಆದ್ದರಿಂದ ಇಲ್ಲಿ ಹೇಳಿರುವುದು ಕೋಲು ಚಾವಟಿಗಳ ಪೆಟ್ಟು. ‘ಬಂಧ’ಕ್ಕೆ ಅವನು ಕೊಡುವ ಅರ್ಥ ಇನ್ನೂ ಸೂಕ್ಷ್ಮ. ಜೀವಿಯೊಂದು ತಾನು ಹೋಗಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧ.

ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದು ಪ್ರಾಣಿಗೆ ಸಲ್ಲಬೇಕಾದುದನ್ನು ಹೇಳುತ್ತದೆ. ಇನ್ನೊಂದು ಮನುಷ್ಯ ಮಾಡಬಾರದುದನ್ನು ಹೇಳುತ್ತದೆ. ಒಂದರ ಹಿಂದೆ ಇರುವುದು ವಿಜ್ಞಾನ, ಇನ್ನೊಂದರ ಹಿಂದೆ ಇರುವುದು ಆತ್ಮಶುದ್ಧಿಯ ಹಂಬಲ. ಆದರೂ ಎರಡೂ ಒಂದು ಮುಖ್ಯ ವಿಷಯದಲ್ಲಿ ಒಪ್ಪುತ್ತವೆ. ಪ್ರಾಣಿಯನ್ನು ಕೊಂದೆವೋ ಬಿಟ್ಟೆವೋ ಎಂಬಲ್ಲಿಗೆ ಪ್ರಶ್ನೆ ಮುಗಿಯುವುದಿಲ್ಲ. ಬದುಕಿದ್ದಷ್ಟು ಕಾಲ ಅದು ಹೇಗೆ ಬದುಕಿತು ಎಂದು ಕೇಳಬೇಕು. ಅಕ್ಕನ ಕೊಟ್ಟಿಗೆಯನ್ನು ಈ ಪಟ್ಟಿಗೆ ಹಿಡಿದು ನೋಡಿದೆ. ಅನ್ನಪಾನಕ್ಕೆ ಲೋಪವಿಲ್ಲ, ಹುಲ್ಲು, ಹಿಂಡಿ, ಬೂಸ ಎಲ್ಲ ಹೊತ್ತುಹೊತ್ತಿಗೆ. ಹೊಡೆತವಂತೂ ಇಲ್ಲವೇ ಇಲ್ಲ. ಕೊಂಬು ಸುಟ್ಟದ್ದು ಛೇದ. ಹಗ್ಗ, ಬಂಧ. ಐದರಲ್ಲಿ ಮೂರು ಅಂಕ! ನಮ್ಮ ಕಾಲೇಜಿನಲ್ಲಾದರೆ ಉತ್ತೀರ್ಣ. ಆದರೆ ಇಡೀ ದಿನ ನಿಂತಲ್ಲೇ ನಿಲ್ಲುವವಳು ಗೌರಿಯೇ ಹೊರತು ಅಂಕ ಕೊಡುವ ನಾನಲ್ಲ.

ಇನ್ನು ಕಾಯಿದೆಗಳ ವಿಷಯ. ನಮ್ಮ ದೇಶ ಈ ಕೆಲಸದಲ್ಲಿ ಹಿಂದೆ ಬೀಳಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಭರತನಾಟ್ಯಕ್ಕೆ ಹೆಸರಾದ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯರಾಗಿದ್ದಾಗ ಪ್ರಾಣಿಹಿಂಸೆಯ ವಿರುದ್ಧ ಮಸೂದೆ ತಂದರು; ಆ ಪ್ರಯತ್ನದ ಫಲವಾಗಿ ೧೯೬೦ರಲ್ಲಿ ಪ್ರಾಣಿಹಿಂಸಾ ನಿವಾರಣ ಕಾಯಿದೆ ಬಂತು. ಹ್ಯಾರಿಸನ್ನರ ಪುಸ್ತಕಕ್ಕಿಂತ ನಾಲ್ಕು ವರ್ಷ ಮೊದಲು! ಆ ಕಾಯಿದೆಯ ಹನ್ನೊಂದನೆಯ ಕಲಮಿನಲ್ಲಿ ಹಗ್ಗದ ಪ್ರಸ್ತಾಪವೇ ಇದೆ. ಪ್ರಾಣಿಯನ್ನು ಅಯುಕ್ತವಾಗಿ ಗಿಡ್ಡವಾದ ಅಥವಾ ಅಯುಕ್ತವಾಗಿ ಭಾರವಾದ ಸರಪಣಿಯಿಂದಲೋ ಹಗ್ಗದಿಂದಲೋ ಅಯುಕ್ತವಾದಷ್ಟು ಕಾಲ ಕಟ್ಟಿಡುವುದು ಅಪರಾಧ. ಓದಿದಾಗ ಸಂತೋಷವಾಯಿತು. ಮರುಕ್ಷಣವೇ ನನ್ನೊಳಗಿನ ವ್ಯಾಕರಣದ ಮೇಷ್ಟ್ರು ಎದ್ದು ಕುಳಿತ. ‘ಅಯುಕ್ತ’ ಎಂಬುದು ವಿಶೇಷಣ. ವಿಶೇಷಣಕ್ಕೆ ಉದ್ದ ಅಗಲಗಳಿಲ್ಲ. ಎರಡೂವರೆ ಅಡಿ ಯುಕ್ತವೋ ಅಯುಕ್ತವೋ? ಹಗಲು ರಾತ್ರಿ ಎಂಬುದು ಯುಕ್ತಕಾಲವೋ ಅಲ್ಲವೋ? ಯಾರು ಹೇಳಬೇಕು? ಮೊದಲ ಸಲದ ತಪ್ಪಿಗೆ ೧೯೬೦ರ ಆ ಕಾಯಿದೆ ಇಟ್ಟ ದಂಡ ಹೆಚ್ಚೆಂದರೆ ೫೦ ರೂಪಾಯಿ. ೨೦೧೪ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಆ ಐದು ಸ್ವಾತಂತ್ರ್ಯಗಳು ನಮ್ಮ ಕಾಯಿದೆಯೊಳಗೂ ಅಡಗಿವೆ ಎಂದು ಹೇಳಿತು. ದೊಡ್ಡ ಮಾತು. ಆದರೆ ಅದು ಗೂಳಿಯ ಓಟದ ಪ್ರಸಂಗದಲ್ಲಿ ಬಂದ ಮಾತು. ಓಡುವ ಭಾಗ್ಯವೇ ಇಲ್ಲದ ಗೌರಿಯ ಗೊಂತಿನವರೆಗೆ ಅದು ಇನ್ನೂ ನಡೆದು ಬಂದಿಲ್ಲ.

ಸ್ವಿಟ್ಜರ್ಲೆಂಡಿನವರು ವಿಶೇಷಣವನ್ನು ಬಿಟ್ಟು ಸಂಖ್ಯೆಯನ್ನು ಹಿಡಿದರು. ಅಲ್ಲಿಯೂ ಹಸುವನ್ನು ಕಟ್ಟಿ ಸಾಕುವ ಸಣ್ಣ ರೈತರಿದ್ದಾರೆ. ಕಟ್ಟಬೇಡಿ ಎಂದು ಕಾನೂನು ಹೇಳಲಿಲ್ಲ. ವರ್ಷಕ್ಕೆ ಕನಿಷ್ಠ ೯೦ ದಿನ ಹೊರಗೆ ಬಿಡಿ ಎಂದಿತು. ಹುಲ್ಲು ಬೆಳೆಯುವ ಕಾಲದಲ್ಲಿ ೬೦, ಚಳಿಗಾಲದಲ್ಲಿ ೩೦. ಒಂದೇ ಸಮನೆ ಎರಡು ವಾರಕ್ಕಿಂತ ಹೆಚ್ಚು ಕಾಲ ಕಟ್ಟಿಯೇ ಇಡುವಂತಿಲ್ಲ. ಬಿಟ್ಟ ದಿನವನ್ನು ಪುಸ್ತಕದಲ್ಲಿ ಗುರುತು ಹಾಕಬೇಕು. ಸ್ವೀಡನ್ನಿನಲ್ಲಿ ಮಕ್ಕಳ ಕಥೆಗಾರ್ತಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಎಂಬತ್ತರ ಅಂಚಿನಲ್ಲಿ ಪತ್ರಿಕೆಗಳಲ್ಲಿ ಹಸುಗಳ ಪರವಾಗಿ ಬರೆದು ಸರ್ಕಾರವನ್ನು ಅಲುಗಿಸಿದರು. ೧೯೮೮ರ ಕಾಯಿದೆ ಹಾಲಿನ ಹಸುಗಳು ಬೇಸಗೆಯಲ್ಲಿ ಹುಲ್ಲುಗಾವಲಿಗೆ ಹೋಗಲೇಬೇಕೆಂದು ವಿಧಿಸಿತು. ಬ್ರಿಟನ್ನಿನಲ್ಲಿ ಎಳಗರುವಿನ ಪೆಟ್ಟಿಗೆ ೧೯೯೦ರಲ್ಲಿ ನಿಷಿದ್ಧವಾಯಿತು. ಯುರೋಪಿನ ಒಕ್ಕೂಟದಲ್ಲಿ ಎಂಟು ವಾರ ದಾಟಿದ ಕರುವನ್ನು ಒಂಟಿಗೂಡಿನಲ್ಲಿ ಇಡುವಂತಿಲ್ಲ. ಅದಕ್ಕೆ ಮೊದಲು ಇಟ್ಟರೂ ಗೂಡಿನ ಅಗಲ ಕರುವಿನ ಎತ್ತರದಷ್ಟಾದರೂ ಇರಬೇಕು. ಕರು ಬೆಳೆದ ಹಾಗೆ ಗೂಡಿನ ಅಳತೆಯೂ ಬೆಳೆಯಬೇಕೆಂದಾಯಿತು. ಶಾಸನವೊಂದು ಅಳತೆಗೋಲು ಹಿಡಿದು ಕರುವಿನ ಪಕ್ಕದಲ್ಲಿ ನಿಂತ ಈ ಚಿತ್ರ ನನಗೆ ಬಹಳ ಹಿಡಿಸಿತು.

ಹಾಗೆಂದು ಪಶ್ಚಿಮಕ್ಕೆ ಮುಖ ಮಾಡಿ ಕೈಮುಗಿಯಬೇಕಾಗಿಲ್ಲ. ಸಂಪತ್ತಿದ್ದಲ್ಲಿ ದಯೆ ತಾನಾಗಿ ಹುಟ್ಟುತ್ತದೆಂಬ ನಿಯಮವಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರ ೧೯೬೬ರಲ್ಲಿ ಮಾಡಿದ ಪ್ರಾಣಿಕಲ್ಯಾಣದ ಕಾಯಿದೆ ಆಹಾರಕ್ಕಾಗಿ ಸಾಕುವ ದನಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಕರುಗಳಿಗೆ ಪ್ರತ್ಯೇಕ ನಿಯಮ ಮಾಡಿದ ಯುರೋಪಿನ ಒಕ್ಕೂಟ, ಹಾಲು ಕೊಡುವ ತಾಯಿಗೆ ಅಂಥ ಪ್ರತ್ಯೇಕ ನಿಯಮ ಮಾಡಿಲ್ಲ. ಅಲ್ಲಿಯ ಹೆಚ್ಚಿನ ಡೈರಿಗಳಲ್ಲಿ ಕರುವನ್ನು ಹುಟ್ಟಿದ ಒಂದೆರಡು ದಿನಗಳಲ್ಲೇ ತಾಯಿಯಿಂದ ಅಗಲಿಸುತ್ತಾರೆ. ಎಷ್ಟು ಚೆನ್ನಾಗಿ ಸಾಕಿದರೂ ಹಾಲು ಇಳಿದ ಮೇಲೆ ಹಸುವಿನ ದಾರಿ ಕಸಾಯಿಖಾನೆಗೆ. ಆ ಲೆಕ್ಕದಲ್ಲಿ ಅವರಿಗೆ ಸಂಕೋಚವೇನೂ ಇಲ್ಲ.

ಇಲ್ಲಿಗೆ ಎರಡು ಬಗೆಯ ಅಳತೆಗೋಲುಗಳು ಕಾಣುತ್ತವೆ. ಅವರು ಬದುಕನ್ನು ಅಳೆದರು, ಸಾವನ್ನು ಸುಲಭಗೊಳಿಸಿ ಸುಮ್ಮನಾದರು. ನಾವು ಸಾವನ್ನು ಹಿಡಿದು ಕುಳಿತೆವು, ಬದುಕನ್ನು ಅಳೆಯಲು ಮರೆತೆವು. ನಮ್ಮ ರಾಜ್ಯದಲ್ಲಿ ಗೋಹತ್ಯೆಯನ್ನು ಕುರಿತು ೧೯೬೪ರಲ್ಲೊಂದು, ೨೦೨೦ರಲ್ಲೊಂದು ಕಾಯಿದೆ ಬಂದವು. ಅವು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ನನ್ನ ವಿಷಯವಲ್ಲ. ಆ ಚರ್ಚೆಯಲ್ಲಿ ಎರಡು ಪಕ್ಷದವರೂ ಹಸುವಿನ ಕೊನೆಯ ದಿನದ ಬಗ್ಗೆ ಆಡಿದ ಮಾತಿನ ನೂರರಲ್ಲೊಂದು ಭಾಗವನ್ನು ಅದರ ಉಳಿದ ಸಾವಿರಾರು ದಿನಗಳ ಬಗ್ಗೆ ಆಡಿದ್ದನ್ನು ನಾನು ಕೇಳಿಲ್ಲ.

ಈ ಗಂಟನ್ನು ಗಾಂಧೀಜಿ ನೇರವಾಗಿ ಎದುರಿಸಿದ್ದರು. ಹಸುಗಳನ್ನು ಹಿಂಸಿಸಿ ಹಾಲು ಕರೆಯುವ ಕ್ರಮವನ್ನು ಓದಿ ತಿಳಿದು ೧೯೧೨ರಲ್ಲಿ ಹಾಲನ್ನೇ ಬಿಟ್ಟವರು ಅವರು. ೧೯೨೮ರಲ್ಲಿ ಸಾಬರಮತಿಯ ಆಶ್ರಮದಲ್ಲಿ ಕರುವೊಂದು ವಾಸಿಯಾಗದ ನೋವಿನಲ್ಲಿ ಬಿದ್ದು ಒದ್ದಾಡುತ್ತಿತ್ತು. ಬಹಳ ಯೋಚಿಸಿ, ವೈದ್ಯರನ್ನು ಕರೆಸಿ, ಚುಚ್ಚುಮದ್ದಿನಿಂದ ಅದಕ್ಕೆ ಸಾವು ಕೊಡಿಸಿದರು. ದೇಶದ ನಾನಾ ಕಡೆಯಿಂದ ಕೋಪದ ಕಾಗದಗಳು ಬಂದವು. ಅವರು ತಮ್ಮ ಪತ್ರಿಕೆಯಲ್ಲಿ ಉತ್ತರ ಬರೆದರು. ಅವರ ನಿರ್ಣಯವನ್ನು ಒಪ್ಪದವರು ಈಗಲೂ ಇದ್ದಾರು. ನನಗೆ ಮುಖ್ಯವೆನಿಸುವುದು ಅವರು ಕೇಳಿಕೊಂಡ ಪ್ರಶ್ನೆ. ‘ನನ್ನ ಕೈಗೆ ಪಾಪ ಅಂಟುತ್ತದೆಯೆ?’ ಎಂಬುದು ನಮ್ಮನ್ನು ಕುರಿತ ಪ್ರಶ್ನೆ. ‘ಈ ಕರುವಿಗೆ ಏನಾಗುತ್ತಿದೆ?’ ಎಂಬುದು ಕರುವನ್ನು ಕುರಿತ ಪ್ರಶ್ನೆ. ಅವರು ಎರಡನೆಯದನ್ನು ಕೇಳಿಕೊಂಡರು. ನಮ್ಮ ದಯೆಯ ಬಹುಪಾಲು ಮೊದಲನೆಯ ಪ್ರಶ್ನೆಯಲ್ಲೇ ಮುಗಿಯುತ್ತದೆ.

ಇದನ್ನು ಅಕ್ಕನಿಗೆ ಹೇಳಲು ಹೋದೆ. ಅವಳು ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು: “ಸರಿ, ಬಿಡ್ತೀನಿ. ಎಲ್ಲಿಗೆ ಬಿಡಲಿ? ಗೋಮಾಳ ಎಲ್ಲಿದೆ ತೋರ್ಸು. ಅರ್ಧ ಸೈಟಾಯ್ತು, ಅರ್ಧ ಬೇಲಿ ಹಾಕ್ಕೊಂಡರು. ರಸ್ತೆಗೆ ಬಿಟ್ರೆ ಲಾರಿ. ತೋಟಕ್ಕೆ ಬಿಟ್ರೆ ಪಕ್ಕದವರ ಜಗಳ. ಹಗ್ಗ ಉದ್ದ ಮಾಡಿದ್ರೆ ಕಾಲಿಗೆ ಸುತ್ಕೊಂಡು ಬೀಳತ್ತೆ. ನಿಮ್ಮ ಬೆಂಗಳೂರಲ್ಲಿ ಹಾಲಿಗೆ ಒಂದು ರೂಪಾಯಿ ಹೆಚ್ಚಾದ್ರೆ ಪೇಪರಿನಲ್ಲಿ ಬರತ್ತೆ. ಹಿಂಡಿ ಮೂಟೆಗೆ ನೂರು ಹೆಚ್ಚಾದ್ರೆ ಯಾರು ಬರೀತಾರೆ?”

ನನ್ನಲ್ಲಿ ಉತ್ತರವಿರಲಿಲ್ಲ. ಸ್ವಿಟ್ಜರ್ಲೆಂಡಿನ ತೊಂಬತ್ತು ದಿನದ ಹಿಂದೆ ಆ ರೈತನಿಗೆ ಹುಲ್ಲುಗಾವಲಿದೆ, ಸರ್ಕಾರದ ಸಹಾಯಧನವಿದೆ. ಮೂರು ಹಸುವಿನ ಹಾಲಿನಿಂದ ಮಗನ ಓದಿಗೆ ಹಣ ಹೊಂದಿಸಿದ ಹೆಂಗಸಿಗೆ ಬರಿಯ ಸಂಖ್ಯೆಯನ್ನು ಹೇಳಿ ಬರುವುದು ದಯೆಯಲ್ಲ, ಉಪದೇಶ. ಮೇಲಾಗಿ, ಆ ಹಗ್ಗದ ಒಂದು ತುದಿ ಗೌರಿಯ ಕೊರಳಲ್ಲಿದ್ದರೆ ಇನ್ನೊಂದು ತುದಿ ಗೊಂತಿನಲ್ಲಿ ಮುಗಿಯುವುದಿಲ್ಲ; ಅದು ಪಟ್ಟಣದ ನಮ್ಮ ಬಾಗಿಲಲ್ಲಿ ಬೆಳಗಿನ ಜಾವ ಬೀಳುವ ಹಾಲಿನ ಪೊಟ್ಟಣದವರೆಗೆ ಬರುತ್ತದೆ. ಹಾಲು ದಿನವೂ ಬೇಕು, ಅಗ್ಗವಾಗಿ ಬೇಕು, ಕೊಟ್ಟಿಗೆಯ ವಿಷಯ ಮಾತ್ರ ಬೇಡ ಎನ್ನುವವರು ನಾವು. ಹಗ್ಗ ಗಿಡ್ಡವಾದುದರಲ್ಲಿ ನಮ್ಮ ಕೈಯೂ ಇದೆ.

ಅಂದು ರಾತ್ರಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ, ಕೇಳಬಾರದಿತ್ತೇನೋ. “ಹೋದ ವರ್ಷ ಗೌರಿ ಗಂಡುಗರು ಹಾಕಿತ್ತಲ್ಲ, ಎಲ್ಲಿ?” ಅಳಿಯ ತಲೆ ತಗ್ಗಿಸಿದ. ಅಕ್ಕ, “ಕೊಟ್ಟುಬಿಟ್ವಿ” ಎಂದಳು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮಿಶ್ರತಳಿಯ ಗಂಡುಗರುವಿಗೆ ಹಿಣಿಲಿಲ್ಲ, ನೊಗಕ್ಕೆ ಒಗ್ಗದು. ಒಗ್ಗಿದರೂ ಉಳುವ ಕೆಲಸ ಟ್ರಾಕ್ಟರಿನದಾಗಿದೆ. ಅದು ಕುಡಿಯುವ ಹಾಲಿಗೆ ಪಟ್ಟಣದಲ್ಲಿ ಬೆಲೆಯಿದೆ, ಅದಕ್ಕೆ ಬೆಲೆಯಿಲ್ಲ. ಕೊಂದವರು ಯಾರೂ ಇಲ್ಲ. ಕರು ಮಾತ್ರ ಇಲ್ಲ.

ಆಗ ನನಗೆ ಗೋವಿನ ಹಾಡು ನೆನಪಾಯಿತು. ಕನ್ನಡ ಬಲ್ಲ ಮಗುವಿಗೆಲ್ಲ ಗೊತ್ತಿರುವ ಕಥೆ. ಪಾಠ ಮಾಡುವಾಗ ನಾವು ಅದರಿಂದ ಸತ್ಯದ ಮಹಿಮೆಯನ್ನು ತೆಗೆದು ತೋರಿಸುತ್ತೇವೆ, ತೋರಿಸಲೇಬೇಕು. ಆದರೆ ಪುಣ್ಯಕೋಟಿ ಹುಲಿಯ ಮುಂದೆ ಬೇಡಿದ್ದೇನು? ಪ್ರಾಣವನ್ನಲ್ಲ. ಕೊಟ್ಟಿಗೆಯಲ್ಲಿ ಹಸಿದ ಕರುವಿದೆ, ಹೋಗಿ ಹಾಲು ಕೊಟ್ಟು ಬರುತ್ತೇನೆ, ಅಷ್ಟು ಹೊತ್ತು ಬಿಡು. ಹಸಿದಿದ್ದ ಹುಲಿ, ನಂಬಿಕೆಯಿಲ್ಲದಿದ್ದರೂ, ಬಿಟ್ಟಿತು. ಇಷ್ಟು ವರ್ಷ ಆ ಹಾಡನ್ನು ಹೇಳಿಕೊಟ್ಟ ನನಗೆ ಅಂದು ಮೊದಲ ಬಾರಿಗೆ, ಆ ಕಥೆಯಲ್ಲಿ ನನ್ನ ಸ್ಥಾನ ಯಾವುದು ಎಂಬ ಸಂದೇಹ ಬಂತು. ಹುಲಿ ಕೊಟ್ಟಷ್ಟು ಅವಕಾಶವನ್ನಾದರೂ ನಾವು ಕೊಟ್ಟಿದ್ದೇವೆಯೆ?

ಹಾಲು ಬಿಡುತ್ತೀರಾ ಎಂದು ಓದುಗರು ಕೇಳಬಹುದು. ಬಿಟ್ಟಿಲ್ಲ. ಗಾಂಧೀಜಿಯವರ ಮನೋಬಲ ನನ್ನದಲ್ಲ. ನಾನು ಬಿಟ್ಟ ಮಾತ್ರಕ್ಕೆ ಗೌರಿಯ ಹಗ್ಗ ಒಂದಂಗುಲವೂ ಬೆಳೆಯುವುದಿಲ್ಲ. ಪೂರ್ಣ ನಿರ್ದೋಷಿಗಳಾಗುವುದು ನಮ್ಮಂಥವರ ಅಳವಲ್ಲವೆಂದು ಒಪ್ಪೋಣ. ಆದರೆ ಪೂರ್ಣ ಸಾಧ್ಯವಿಲ್ಲವೆಂಬುದನ್ನೇ ನೆವ ಮಾಡಿಕೊಂಡು ಅಲ್ಪವನ್ನೂ ಮಾಡದೆ ಕೂರುವುದು ನಮ್ಮ ಹಳೆಯ ಚಾಳಿ. ಉಮಾಸ್ವಾತಿ ಐದು ಅತಿಚಾರಗಳನ್ನು ಹೇಳಿದ್ದು ಕಾಡಿಗೆ ಹೋದ ಮುನಿಗಲ್ಲ, ಹಟ್ಟಿಯಲ್ಲಿ ದನ ಕಟ್ಟಿದ ಗೃಹಸ್ಥನಿಗೆ. ಆ ವ್ರತದ ಹೆಸರೇ ಅಣುವ್ರತ. ಅಣುವಿನಷ್ಟಾದರೂ ಮಾಡು, ಮಾಡಿದ್ದನ್ನು ಕೆಡಿಸಬೇಡ ಎಂಬುದು ಅದರ ಧೋರಣೆ.

ಮರುದಿನ ಬೆಳಗ್ಗೆ ಅಳಿಯನೂ ನಾನೂ ಮನೆಯ ಹಿತ್ತಲನ್ನು ಸುತ್ತಿದೆವು. ಬಾವಿಗೂ ಬಣವೆಗೂ ನಡುವೆ ಮೂವತ್ತು ಹೆಜ್ಜೆಯ ಪಾಳು ಜಾಗವಿತ್ತು. ನಡುವೆ ಒಂದು ಹಲಸಿನ ಮರ. ಎರಡು ಕಡೆ ಗೋಡೆಯಿದೆ, ಇನ್ನೆರಡು ಕಡೆ ಬೇಲಿಯಾದರೆ ಸಾಕು. ಕಲ್ಲುಕಂಬ ಮತ್ತು ತಂತಿಯ ಖರ್ಚಿನಲ್ಲಿ ಅರ್ಧ ನನ್ನದು ಎಂದೆ. ಅಕ್ಕ ಬೇಡವೆಂದಳು. ಇಷ್ಟು ವರ್ಷ ಕುಡಿದ ಕಾಫಿಯ ಬಾಕಿ ಎಂದೆ. ನಕ್ಕಳು, ಒಪ್ಪಿದಳು. ಸ್ವಿಟ್ಜರ್ಲೆಂಡಿನವರ ಪುಸ್ತಕದ ವಿಷಯವನ್ನು ಅಳಿಯನಿಗೆ ಹೇಳಿ ಬಂದೆ.

ಶಿವರಾತ್ರಿ ಕಳೆದ ಮೇಲೆ ಅವನು ಫೋನು ಮಾಡಿದ. ಬೇಲಿ ಮುಗಿದಿತ್ತು. ಮೊದಲ ದಿನ ಹಗ್ಗ ಬಿಚ್ಚಿದರೂ ಗೌರಿ ಹೊಸ್ತಿಲಲ್ಲೇ ಬಹಳ ಹೊತ್ತು ನಿಂತಿತ್ತಂತೆ. ಆಮೇಲೆ ಮೆಲ್ಲಗೆ ಹಲಸಿನ ಮರದವರೆಗೆ ಹೋಗಿ, ಕಾಂಡಕ್ಕೆ ಕತ್ತು ಉಜ್ಜಿ, ಹಿಂದಕ್ಕೆ ತಿರುಗಿ ತನ್ನ ಬೆನ್ನನ್ನು ತಾನೇ ನೆಕ್ಕತೊಡಗಿತಂತೆ. “ಅಮ್ಮ ಅದನ್ನ ನೋಡ್ತಾ ನಿಂತೇ ಇದ್ಳು ಮಾವ, ಒಲೆ ಮೇಲೆ ಹಾಲುಕ್ಕಿ ಹೋಯ್ತು” ಎಂದ.

ಗಂಡುಗರುವಿನ ಪ್ರಶ್ನೆಗೆ ನಮ್ಮಲ್ಲಿ ಯಾರಲ್ಲಿಯೂ ಉತ್ತರವಿಲ್ಲ. ಗೌರಿ ಈಗ ಮತ್ತೆ ಗಬ್ಬ. ಪ್ರಶ್ನೆ ಆಷಾಢಕ್ಕೆ ಮತ್ತೆ ಬರುತ್ತದೆ. ಸದ್ಯಕ್ಕೆ ಅಕ್ಕನ ಅಡಿಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ, ಡೈರಿಗೆ ಹಾಕಿದ ಹಾಲಿನ ಲೆಕ್ಕದ ಪಕ್ಕದಲ್ಲಿ, ಅಳಿಯ ಸೀಸದ ಕಡ್ಡಿಯಿಂದ ಒಂದೊಂದು ಗೀಟು ಎಳೆಯುತ್ತಿದ್ದಾನೆ. ಹಗ್ಗ ಬಿಚ್ಚಿದ ದಿನಕ್ಕೆ ಒಂದು ಗೀಟು. ಹೋದ ತಿಂಗಳು ಹದಿನೇಳು.